ಗ್ರೀಕರಷ್ಟೇ ಚೆನ್ನ ಎಂಬ ಬೈಗುಳ

ನೈಜೀರಿಯಾದ ನೈಋತ್ಯದಲ್ಲಿರುವ ಇಫೆ ಊರಿನ ಹಿತ್ತಾಳೆ ತಲೆಗಳ ಬಗ್ಗೆ ಬಂದಿರುವ ಯಾವ ಪುಸ್ತಕವನ್ನಾದರೂ ಬಿಡಿಸಿ, ಎರಡು ಮೂರು ಪುಟದೊಳಗೆ ಗ್ರೀಕರು ಹಾಜರಾಗುತ್ತಾರೆ. ಗ್ರೀಕರು ತಪ್ಪಿಸಿಕೊಂಡರೆ ಇಟಲಿಯವರು ಸಿಕ್ಕಿಬೀಳುತ್ತಾರೆ. ಕೆನ್ನೆಯ ಮಾಂಸ ಎಷ್ಟು ಜೀವಂತ, ತುಟಿಯ ಅಂಚು ಎಷ್ಟು ನಯ, ಅಥೆನ್ಸಿನಲ್ಲೋ ಫ್ಲಾರೆನ್ಸಿನಲ್ಲೋ ಇಟ್ಟರೂ ತಲೆ ತಗ್ಗಿಸಬೇಕಾಗಿಲ್ಲ ಎಂದು ಹೊಗಳಿಕೆ ಸಾಗುತ್ತದೆ. ಹೊಗಳುವವರ ಮನಸ್ಸು ಒಳ್ಳೆಯದೇ. ಆಫ್ರಿಕಾದವರಿಗೆ ಏನೂ ಬರುತ್ತಿರಲಿಲ್ಲ ಎಂದವರ ಬಾಯಿ ಮುಚ್ಚಿಸುತ್ತಿದ್ದೇವೆ ಎಂದು ಅವರು ನಂಬಿದ್ದಾರೆ. ನನ್ನ ತಕರಾರು ಈ ಬಾಯಿ ಮುಚ್ಚಿಸುವ ರೀತಿಯ ಮೇಲೆಯೇ. ಕಂಡದ್ದನ್ನು ಕಂಡಂತೆ ಕಡೆದಿದ್ದಾರೆಯೇ ಎಂಬ ಒಂದೇ ಅಳತೆಗೋಲು ಹಿಡಿದು ಪಶ್ಚಿಮ ಆಫ್ರಿಕಾದ ಲೋಹ ಮತ್ತು ಸುಡುಮಣ್ಣಿನ ಕೆಲಸವನ್ನು ಮೆಚ್ಚುವ ಅಭ್ಯಾಸ, ಅದನ್ನು ತುಚ್ಛವಾಗಿ ಕಂಡ ಅಭ್ಯಾಸದ ಹೊಟ್ಟೆಯಲ್ಲೇ ಹುಟ್ಟಿದ್ದು.

ಹುಟ್ಟಿದ ಸಮಯವೂ ಗೊತ್ತು. 1910ರ ಕೊನೆಯಲ್ಲಿ ಜರ್ಮನಿಯ ಜನಾಂಗಶಾಸ್ತ್ರಜ್ಞ ಲಿಯೊ ಫ್ರೊಬೇನಿಯಸ್ ಇಫೆಗೆ ಬಂದ. ಒಲೊಕುನ್ ದೇವತೆಯ ವನದಿಂದ ಬಂದ ಲೋಹದ ತಲೆಯೊಂದನ್ನು ಕಂಡು ಬೆರಗಾದ. ಬೆರಗು ಪ್ರಾಮಾಣಿಕ, ಅದರ ಬೆನ್ನಿಗೆ ಬಂದ ತೀರ್ಮಾನ ನಾಚಿಕೆಗೇಡು. ಇಷ್ಟು ಚೆನ್ನಾಗಿರುವುದನ್ನು ಇಲ್ಲಿಯವರ ಅಜ್ಜಂದಿರು ಮಾಡಿರಲಾರರು; ಮುಳುಗಿಹೋದ ಅಟ್ಲಾಂಟಿಸ್‌ನ ಜನ, ಗ್ರೀಕರ ನೆಂಟರು, ಯಾವುದೋ ಕಾಲದಲ್ಲಿ ಈ ಕರಾವಳಿಗೆ ಬಂದು ನೆಲೆಸಿರಬೇಕು; ಒಲೊಕುನ್ ಎಂದರೆ ಗ್ರೀಕರ ಸಮುದ್ರದೇವ ಪೊಸೈಡನ್ನೇ ಸರಿ ಎಂದ. ಆ ತಲೆಯನ್ನು ಹೊತ್ತೊಯ್ಯಲು ಹೋಗಿ ಬ್ರಿಟಿಷ್ ಅಧಿಕಾರಿಗಳ ಕೈಗೆ ಸಿಕ್ಕಿ ಹಿಂದಿರುಗಿಸಬೇಕಾಯಿತು. ಇಂದು ಅಟ್ಲಾಂಟಿಸ್ ಕಥೆಯನ್ನು ಯಾರೂ ನಂಬುವುದಿಲ್ಲ. ಆದರೆ ಅದರ ಕೆಳಗಿದ್ದ ತಕ್ಕಡಿ ಹಾಗೇ ಉಳಿಯಿತು. 1938ರಲ್ಲಿ ಇಫೆಯ ಅರಮನೆಯ ಸಮೀಪ ವುನ್ಮೊನಿಜೆ ಎಂಬ ವಠಾರದಲ್ಲಿ ಮನೆ ಕಟ್ಟಲು ಅಗೆಯುತ್ತಿದ್ದವರಿಗೆ ಹಿತ್ತಾಳೆ, ತಾಮ್ರದ ತಲೆಗಳ ರಾಶಿ ಸಿಕ್ಕಿತು. ಮರುವರ್ಷವೇ ಲಂಡನ್ನಿನ ಸಚಿತ್ರ ವಾರಪತ್ರಿಕೆಯೊಂದು ಅವುಗಳ ಕರ್ತೃವನ್ನು ಅಜ್ಞಾತ ನೈಜೀರಿಯನ್ ಡೊನಾಟೆಲೋ ಎಂದು ಕರೆಯಿತು. ಇಟಲಿಯ ಶಿಲ್ಪಿ ಡೊನಾಟೆಲೋ ಹುಟ್ಟಿದ್ದು 1386ರ ಸುಮಾರಿಗೆ. ಆ ಹೊತ್ತಿಗೆ ಇಫೆಯ ಕುಲುಮೆಗಳು ಹಳೆಯವಾಗಿದ್ದವು. ಹಿರಿಯನಿಗೆ ಕಿರಿಯನ ಹೆಸರಿಟ್ಟು ಅದನ್ನು ಬಿರುದು ಎಂದು ಕೊಟ್ಟರು.

ಕನ್ನಡ ಓದುಗರಿಗೆ ಈ ತಕ್ಕಡಿಯ ಪರಿಚಯ ಇರಬೇಕು. ಫ್ರೊಬೇನಿಯಸ್ ಇಫೆಗೆ ಕಾಲಿಟ್ಟ ಅದೇ 1910ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್ ಸಭೆಯಲ್ಲಿ ಜಾರ್ಜ್ ಬರ್ಡ್‌ವುಡ್ ಜಾವಾದ ಬುದ್ಧನ ಮೂರ್ತಿಯೊಂದನ್ನು ಕೊಬ್ಬು ಹಾಕಿ ಬೇಯಿಸಿದ ಕಡುಬಿಗೆ ಹೋಲಿಸಿದ್ದ. ಆ ಕಾಲದ ಪಂಡಿತರು ಭಾರತದಲ್ಲಿ ಮೆಚ್ಚಿದ್ದು ಗಾಂಧಾರವನ್ನು, ಯಾಕೆಂದರೆ ಅಲ್ಲಿನ ಬುದ್ಧನ ಉತ್ತರೀಯದ ನಿರಿಗೆಯಲ್ಲಿ ಅವರಿಗೆ ಗ್ರೀಸ್ ಕಾಣುತ್ತಿತ್ತು. ಕಲಾ ವಿಮರ್ಶಕರಾದ ಹ್ಯಾವೆಲ್, ಆನಂದ ಕುಮಾರಸ್ವಾಮಿ ಅದನ್ನು ಎದುರಿಸಿ ನಿಂತರು. ನಮ್ಮ ಶಿಲ್ಪಗಳ ಪರವಾಗಿ ಆ ಜಗಳ ಗೆದ್ದೆವು. ಗೆದ್ದ ನಾವೇ ಇಫೆಯ ವಿಷಯ ಬಂದಾಗ ಗ್ರೀಕ್ ಹೋಲಿಕೆಯನ್ನು ಪಠ್ಯದಲ್ಲಿ, ಪತ್ರಿಕೆಯಲ್ಲಿ ಹಾಗೇ ಎತ್ತಿ ಬಳಸುವುದು ನನಗೆ ಅರ್ಥವಾಗದ ಸಂಗತಿ.

ಇರಲಿ, ಸಾಕ್ಷ್ಯಕ್ಕೆ ಬರೋಣ. ಇಫೆಯಲ್ಲಿ ಒಬಲಾರನ ನೆಲ ಎಂದು ಕರೆಯುವ ಜಾಗವಿದೆ. 1971-72ರಲ್ಲಿ ಪೀಟರ್ ಗಾರ್ಲೇಕ್ ಅಲ್ಲಿ ಉತ್ಖನನ ಮಾಡಿದಾಗ ಮಡಕೆಯ ಬೋಕಿಗಳನ್ನು ಸಾಲಾಗಿ ನಿಲ್ಲಿಸಿ ಹಾಸಿದ ನೆಲಗಟ್ಟು, ಸುಡುಮಣ್ಣಿನ ತಲೆಗಳು, ಒಂದು ಪೂಜೆಯ ಕೊಡ ಸಿಕ್ಕವು. ಕೊಡದ ಹೊಟ್ಟೆಯ ಮೇಲೆ ಉಬ್ಬುಚಿತ್ರವಿದೆ. ಅದರಲ್ಲೊಂದು ಗುಡಿ. ಗುಡಿಯ ನಡುವೆ ಕಣ್ಣು ಮೂಗು ಬಾಯಿ ಎಲ್ಲ ತಿದ್ದಿದ ಸಹಜವಾದ ಒಂದು ತಲೆ, ಅದರ ಎಡಬಲಕ್ಕೆ ಶಂಕುವಿನಾಕಾರದ ಎರಡು ತಲೆಗಳು. ಈ ಶಂಕುಗಳಿಗೆ ಮುಖ ಎಂಬುದು ಹೆಸರಿಗಷ್ಟೇ: ಕಣ್ಣಿಗೆರಡು ತೂತು, ಬಾಯಿಗೊಂದು ಗೀರು. ಅಂಥ ಶಂಕು ತಲೆಗಳು, ಕೊಳವೆಯಂಥ ತಲೆಗಳು ಇಫೆಯ ಮಣ್ಣಿನಲ್ಲಿ ಬಿಡಿಯಾಗಿಯೂ ಸಿಕ್ಕಿವೆ. ಒಂದೇ ಊರು, ಒಂದೇ ಕಾಲ, ಒಂದೇ ಪೀಠ. ಸಹಜತೆಯೇ ಗುರಿಯಾಗಿದ್ದರೆ ಆ ಎರಡು ಶಂಕುಗಳನ್ನು ಕೈಲಾಗದವನ ಕೆಲಸವೆಂದು ಮೂಲೆಗೆ ಎಸೆದಿರಬೇಕಿತ್ತು. ಬದಲಿಗೆ ಅವನ್ನು ನಡುವಿನ ತಲೆಯ ಪಕ್ಕ ಸಮಾನ ಪಂಕ್ತಿಯಲ್ಲಿ ಕೂರಿಸಿದ್ದಾರೆ. ಮಾಡಿದವನಿಗೆ ಎರಡೂ ಬರುತ್ತಿತ್ತು, ಎರಡೂ ಬೇಕಾಗಿತ್ತು.

ಪೂರ್ತಿ ದೇಹದ ಮೂರ್ತಿಗಳನ್ನು ನೋಡಿದರೆ ಗ್ರೀಕ್ ಹೋಲಿಕೆ ಇನ್ನೂ ಹದಗೆಡುತ್ತದೆ. 1957ರಲ್ಲಿ ಇಟಾ ಯೆಮೂ ಎಂಬಲ್ಲಿ ಸಿಕ್ಕ ಅರಸನ ನಿಂತ ಮೂರ್ತಿ ಅರ್ಧ ಮೀಟರಿಗೂ ಕಡಿಮೆ ಎತ್ತರ. ಒಂದು ಕೈಯಲ್ಲಿ ಕೊಂಬು, ಇನ್ನೊಂದರಲ್ಲಿ ರಾಜದಂಡ, ಕುತ್ತಿಗೆಯಿಂದ ಪಾದದವರೆಗೆ ಮಣಿಗಳು. ತಲೆ ಇಡೀ ಎತ್ತರದ ಹತ್ತಿರ ಹತ್ತಿರ ಕಾಲು ಭಾಗ. ಮನುಷ್ಯನ ದೇಹದಲ್ಲಿ ಅದು ಏಳರಲ್ಲಿ ಒಂದು ಪಾಲು ಇರುತ್ತದೆ. ಕಣ್ರೆಪ್ಪೆಯ ಮಡಿಕೆಯನ್ನು ತಪ್ಪದೆ ತಿದ್ದಿದ ಕೈಗೆ ಕಾಲಿನ ಉದ್ದ ಲೆಕ್ಕ ಹಾಕಲು ಬರಲಿಲ್ಲವೇ? ಬಂತು, ಬೇಡವಾಗಿತ್ತು. ಯೊರುಬಾ ಜನರಿಗೆ ತಲೆ, ಅವರ ಮಾತಿನಲ್ಲಿ ಒರಿ, ಮನುಷ್ಯನ ಹಣೆಬರಹ ಕೂತ ಜಾಗ. ಹೊರಗೆ ಕಾಣುವ ತಲೆಯೊಳಗೆ ಕಾಣದ ಇನ್ನೊಂದು ತಲೆಯಿದೆ. ಭೂಮಿಗೆ ಬರುವ ಮುನ್ನ ಪ್ರತಿಯೊಬ್ಬನೂ ಆಕಾಶದ ಕುಂಬಾರ ಅಜಾಲನ ಮನೆಗೆ ಹೋಗಿ ತನ್ನ ತಲೆಯನ್ನು ತಾನೇ ಆರಿಸಿಕೊಳ್ಳಬೇಕು. ಅಜಾಲ ಕೈಚಳಕದವನೇ, ಆದರೆ ಸಾಲಗಾರ, ಬೇಜವಾಬ್ದಾರಿ. ಅವನ ಆವಿಗೆಯ ಎಷ್ಟೋ ತಲೆಗಳು ಸರಿಯಾಗಿ ಬೆಂದಿರುವುದಿಲ್ಲ. ಹೊರಗಿನಿಂದ ಗೊತ್ತಾಗುವುದಿಲ್ಲ, ಮಳೆಗೆ ಸಿಕ್ಕಾಗ ಕರಗುತ್ತವೆ. ಈ ಕಥೆ ಬಲ್ಲ ಊರಿನಲ್ಲಿ ಮಣ್ಣಿನಿಂದ ತಲೆ ಮಾಡಿ ಸುಡುವುದು, ಅರಸನ ತಲೆಯನ್ನು ಮಳೆಗೂ ಗೆದ್ದಲಿಗೂ ಬಗ್ಗದ ಲೋಹದಲ್ಲಿ ಎರೆಯುವುದು ಎಂಥ ಕೆಲಸವಾಗಿದ್ದೀತು ಎಂದು ಕೇಳದವರು ಕೆನ್ನೆಯ ನಯ ನೋಡಿ ಏನು ಕಂಡಂತಾಯಿತು?

ಇನ್ನು ಆ ಪ್ರಸಿದ್ಧ ತಲೆಗಳನ್ನೇ ಹತ್ತಿರದಿಂದ ನೋಡಿ. ಭಾವಚಿತ್ರ, ಇಂಥ ಇಂಥ ಅರಸನ ತದ್ರೂಪು ಎನ್ನುತ್ತಾರೆ. ಒಂದರ ಪಕ್ಕ ಒಂದು ಇಟ್ಟರೆ ಎಲ್ಲವೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಮುದುಕನಿಲ್ಲ, ಬಾಲಕನಿಲ್ಲ, ನಗುವವನಿಲ್ಲ, ಸಿಡುಕುವವನಿಲ್ಲ. ಅದು ಒಬ್ಬ ವ್ಯಕ್ತಿಯ ಮುಖ ಅನ್ನುವುದಕ್ಕಿಂತ ಒಂದು ಪದವಿಯ ಮುಖ. ಮತ್ತೆ ಅನೇಕ ತಲೆಗಳ ಕೂದಲಂಚಿನಲ್ಲಿ, ದವಡೆಯ ಸುತ್ತ, ತುಟಿಯ ಮೇಲೆ ಸಾಲು ಸಾಲು ತೂತುಗಳಿವೆ. ಕುತ್ತಿಗೆಯ ಬುಡದಲ್ಲಿ ಮೊಳೆ ಹೊಡೆಯಲು ತೂತುಗಳಿವೆ. ಕೆಲವಲ್ಲಿ ಕೆಂಪು, ಕಪ್ಪು ಬಣ್ಣದ ಕುರುಹು ಉಳಿದಿದೆ. ತೂತುಗಳಲ್ಲಿ ಏನು ಸಿಕ್ಕಿಸುತ್ತಿದ್ದರು ಎಂಬುದರ ಮೇಲೆ ವಿದ್ವಾಂಸರು ಜಗಳವಾಡುತ್ತಲೇ ಇದ್ದಾರೆ. ಕಿರೀಟ, ಗಡ್ಡ, ಮುಖ ಮುಚ್ಚುವ ಮಣಿಜಾಲರಿ ಎಂದೆಲ್ಲ ವಾದಗಳಿವೆ. ಸತ್ತ ಅರಸನ ಎರಡನೆಯ ಉತ್ತರಕ್ರಿಯೆಯಲ್ಲಿ ಮರದ ಮೈಗೆ ಈ ತಲೆ ಜೋಡಿಸಿ ಬಟ್ಟೆ ಉಡಿಸುತ್ತಿದ್ದರು ಎಂದು ಒಬ್ಬರು, ಪಟ್ಟಾಭಿಷೇಕದ ವೇಳೆ ರಾಜಚಿಹ್ನೆ ತೊಡಿಸಿಡಲು ಎಂದು ಇನ್ನೊಬ್ಬರು. ಯಾವ ಪಕ್ಷ ಹಿಡಿದರೂ ಇಷ್ಟಂತೂ ನಿಜ: ಹೆಚ್ಚಿನ ತಲೆಗಳು ಬರಿ ಮುಖದಲ್ಲಿ ಇರಲು ಹುಟ್ಟಿದವಲ್ಲ. ಯೊರುಬಾ ಅರಸನ ಕಿರೀಟದಿಂದ ಇಂದಿಗೂ ಮಣಿಗಳ ಎಳೆ ಇಳಿದು ಅವನ ಮುಖವನ್ನು ಮರೆ ಮಾಡುತ್ತದೆ. ಪ್ರಜೆಗಳು ನೇರ ನೋಡಬಾರದ ಮುಖ ಅದು. ಮ್ಯೂಸಿಯಂ ಮಾಡಿದ್ದು ಉತ್ಸವಮೂರ್ತಿಯ ಪ್ರಭಾವಳಿ, ಪೀತಾಂಬರ, ಹೂವು, ಬೆಳ್ಳಿಕಣ್ಣು ಎಲ್ಲ ಕಿತ್ತು ಬರಿಮೈಯನ್ನು ಕಂಬದ ಮೇಲೆ ನಿಲ್ಲಿಸಿ ಸ್ನಾಯುಗಳ ಬಗ್ಗೆ ಉಪನ್ಯಾಸ ಕೊಟ್ಟಂಥ ಕೆಲಸ.

ಲೋಹದ ಆಯ್ಕೆಯನ್ನೂ ಇದೇ ಕುರುಡು ನುಂಗಿಹಾಕಿದೆ. ಹಿತ್ತಾಳೆ ಸಲೀಸಾಗಿ ಹರಿಯುತ್ತದೆ, ಅಚ್ಚಿನ ಸಂದುಗೊಂದುಗಳನ್ನು ತುಂಬುತ್ತದೆ. ಶುದ್ಧ ತಾಮ್ರ ಹಠಮಾರಿ. 1085 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಬೇಕು, ಕರಗಿದರೂ ಮಂದ, ಗಾಳಿ ಹೀರಿ ಗುಳ್ಳೆ ಕಟ್ಟುತ್ತದೆ. ಎರಕದವರು ಸಾಧ್ಯವಾದರೆ ಅದರ ತಂಟೆಗೆ ಹೋಗುವುದಿಲ್ಲ. ಇಫೆಯವರು ಹೋದರು. ಒಬಲುಫಾನ್ ಎಂಬ ಅರಸನದ್ದೆಂದು ಇಫೆ ಹೇಳುವ ಮುಖವಾಡ ಹೆಚ್ಚುಕಡಿಮೆ ಶುದ್ಧ ತಾಮ್ರ. ಎರಕದ ವಿದ್ಯೆ ತಂದವನೇ ಆ ಅರಸ ಎನ್ನುವುದು ಅಲ್ಲಿಯ ಪ್ರತೀತಿ. ಅದು ಅರಮನೆಯಲ್ಲೇ ಉಳಿದು ಬಂದದ್ದು, ನೆಲದಿಂದ ಎದ್ದದ್ದಲ್ಲ. ಕಣ್ಣಿನ ಕೆಳಗೆ ಸೀಳು ಬಿಟ್ಟಿದ್ದಾರೆ, ತೊಟ್ಟವನು ನೋಡಲೆಂದು. ಅಂದರೆ ಅದರ ಹಿಂದೆ ಉಸಿರಾಡುವ ಒಬ್ಬ ಮನುಷ್ಯ ಇರುತ್ತಿದ್ದ. ಸತ್ತ ಅರಸನ ಮುಖ ಬದುಕಿರುವವನ ಮೈ ಮೇಲೆ ನಡೆಯುತ್ತಿತ್ತು. ಸುಲಭದ ಹಿತ್ತಾಳೆ ಕೈಯಲ್ಲಿದ್ದೂ ಕಷ್ಟದ ತಾಮ್ರವನ್ನೇ ಹಿಡಿದದ್ದಕ್ಕೆ ಆ ಕೆಂಪು ಬಣ್ಣಕ್ಕಿದ್ದ ಬೆಲೆಯೇ ಕಾರಣವೆಂದು ನನಗೆ ತೋರುತ್ತದೆ. ಗ್ರೀಕ್ ಹೋಲಿಕೆಯವರು ಈ ಪ್ರಶ್ನೆಯನ್ನು ಎತ್ತುವುದೂ ಇಲ್ಲ, ಹೋಲಿಕೆಗೆ ಲೋಹ ಯಾವುದಾದರೇನು?

ತಾಡಾದ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಇಫೆಯಿಂದ ಉತ್ತರಕ್ಕೆ ಸುಮಾರು 200 ಕಿಲೋಮೀಟರ್ ದೂರ, ನೈಜರ್ ನದಿಯ ದಡದಲ್ಲಿ ತಾಡಾ ಎಂಬ ನೂಪೆ ಜನರ ಹಳ್ಳಿ. ಅಲ್ಲಿ ಅರ್ಧ ಮೀಟರಿಗಿಂತ ತುಸು ಎತ್ತರದ, ಕುಳಿತ ಭಂಗಿಯ ತಾಮ್ರದ ಮನುಷ್ಯಮೂರ್ತಿಯೊಂದಿತ್ತು. ಒಂದು ಮೊಣಕಾಲು ಎತ್ತಿ, ಇನ್ನೊಂದು ಕಾಲು ಮಡಿಸಿ ಆರಾಮವಾಗಿ ಕೂತ ಆ ಮೂರ್ತಿಯನ್ನು ಇಫೆಯ ಕೆಲಸಗಳ ಪೈಕಿ ಅತಿ ಸಹಜ ಎಂದು ಕೊಂಡಾಡುತ್ತಾರೆ. ನೂಪೆ ಅರಸೊತ್ತಿಗೆಯ ಮೂಲಪುರುಷ ತ್ಸೊಯೆದೆ ಅದನ್ನು ದೋಣಿಯಲ್ಲಿ ತಂದ ಎಂಬುದು ಹಳ್ಳಿಯವರ ಮಾತು. ಅವರು ಪ್ರತಿ ಶುಕ್ರವಾರ ಮೂರ್ತಿಯನ್ನು ನದಿಗೆ ಒಯ್ದು ಮರಳುಜಲ್ಲಿಯಿಂದ ತಿಕ್ಕಿ ತೊಳೆಯುತ್ತಿದ್ದರು. ಮೀನು ಹೆಚ್ಚಲಿ, ಮನೆಯಲ್ಲಿ ಮಕ್ಕಳಾಗಲಿ ಎಂದು. ತಲೆಮಾರುಗಟ್ಟಲೆ ತಿಕ್ಕಿ ಮೈ ಸವೆದಿದೆ. ಇದನ್ನು ವಿವರಿಸುವಾಗ ಕಲಾ ಇತಿಹಾಸದ ಬರವಣಿಗೆಯಲ್ಲಿ ಒಂದು ನಿಟ್ಟುಸಿರು ಇಣುಕುತ್ತದೆ: ಅಯ್ಯೋ, ಎಂಥ ಮೇರುಕೃತಿಯನ್ನು ತಿಳಿಯದ ಜನ ತಿಕ್ಕಿ ಹಾಳು ಮಾಡಿದರು! ಹಾಳು ಯಾರದು? ಎರಕ ಹೊಯ್ದವನ ಊರಿಂದ ದೂರ, ಬೇರೆ ಮಾತಿನ, ಬೇರೆ ಅರಸರ ಜನರ ನಡುವೆ ಆ ತಾಮ್ರ ನೂರಾರು ವರ್ಷ ಉಳಿದದ್ದೇ ಅದಕ್ಕೊಂದು ಕೆಲಸವಿತ್ತು ಎಂಬ ಕಾರಣಕ್ಕೆ. ಕೆಲಸವಿಲ್ಲದ ತಾಮ್ರವನ್ನು ಕರಗಿಸಿ ಬಳೆ ಮಾಡುತ್ತಾರೆ.

ಇಫೆಯಿಂದ ಪೂರ್ವಕ್ಕೆ, ನೈಜರ್ ದಾಟಿ ಇಗ್ಬೊ ನಾಡಿಗೆ ಹೋದರೆ ಸಹಜತೆಯ ಅಳತೆಗೋಲು ಅಲ್ಲಿಗಲ್ಲಿಗೇ ಮುರಿಯುತ್ತದೆ. 1938ರಲ್ಲಿ ಇಗ್ಬೊ-ಉಕ್ವು ಎಂಬಲ್ಲಿ ಐಸಾಯಾ ಅನೋಜಿ ತನ್ನ ಹಿತ್ತಲಲ್ಲಿ ನೀರಿನ ತೊಟ್ಟಿಗಾಗಿ ಅಗೆದಾಗ ಕಂಚಿನ ಪಾತ್ರೆಗಳು ಎದ್ದವು. ಥರ್ಸ್ಟನ್ ಶಾ 1959-60ರಲ್ಲಿ, ಮತ್ತೆ 1964ರಲ್ಲಿ ಉತ್ಖನನ ಮಾಡಿದರು. ಸಾವಿರ ವರ್ಷ ಹಳೆಯದೆನ್ನಬಹುದಾದ ಒಂದು ಗೋರಿ: ಮರದ ಕೋಣೆಯಲ್ಲಿ ಪೀಠದ ಮೇಲೆ ಕೂರಿಸಿದ ಶವ, ತಲೆಗೆ ತಾಮ್ರದ ಪಟ್ಟ, ಎದೆಗೆ ತಾಮ್ರದ ಫಲಕ, ಜೊತೆಗೆ ಆನೆಯ ದಂತಗಳು, ಮೇಲ್ಭಾಗದಲ್ಲಿ ಜೊತೆಗೆ ಹೋದ, ಅಥವಾ ಕಳುಹಿಸಲ್ಪಟ್ಟ, ಐವರ ಮೂಳೆಗಳು. ಮೂರು ತಾಣಗಳಿಂದ ಒಟ್ಟು 1,65,000ಕ್ಕೂ ಹೆಚ್ಚು ಮಣಿಗಳು. ಕಂಚಿನ ಪಾತ್ರೆಯೊಂದಕ್ಕೆ ಹಗ್ಗದ ಬಲೆ ತೊಡಿಸಿದೆ, ಆ ಹಗ್ಗವೂ ಕಂಚೇ, ಹುರಿ ಹುರಿಯೂ ಎಣಿಸುವಂತೆ. ಕಂಚಿನ ಬಸವನಹುಳುವಿನ ಚಿಪ್ಪಿನ ಮೇಲೆ ನೊಣಗಳು ಕೂತಿವೆ. ಮೇಣದ ಬದಲು ಗಿಡದ ಹಾಲನ್ನೇ ಹೆಪ್ಪುಗಟ್ಟಿಸಿ ಅಚ್ಚಿಗೆ ಬಳಸಿರಬಹುದೆಂಬ ವಾದವೂ ಇದೆ. ತಾಮ್ರದ ಅದಿರು ಅಲ್ಲೇ ಆಗ್ನೇಯ ನೈಜೀರಿಯಾದ ಗುಡ್ಡಗಳದ್ದು. ಇಲ್ಲಿ ಗ್ರೀಕ್ ಮುಖಕ್ಕೆ ಹೋಲಿಸಲು ದೊಡ್ಡ ಮುಖಗಳೇ ಇಲ್ಲ. ಆದ್ದರಿಂದ ರಷ್ಯಾದ ಚಕ್ರವರ್ತಿಗಳ ಅಕ್ಕಸಾಲಿಗ ಫ್ಯಾಬರ್ಜೆಯನ್ನು ಕರೆತಂದು ಕೂರಿಸಿದವರಿದ್ದಾರೆ! ಆ ಶವ ಯಾರದಿರಬಹುದು ಎಂಬುದಕ್ಕೆ ಹತ್ತಿರದ ದಾರಿಯನ್ನು ಶಾ ಅವರೇ ತೋರಿಸಿದ್ದರು: ಪಕ್ಕದ ನ್ರಿ ಊರಿನ ಎಜೆ ನ್ರಿ, ಸೈನ್ಯವಿಲ್ಲದೆ ಮಂತ್ರ, ಶಾಂತಿ, ಬೆಳೆಯ ಶುದ್ಧಿಯ ಮೇಲೆ ಆಳುವ ಪುರೋಹಿತ-ಅರಸ. ಕೋಟೆಯಿಲ್ಲದ, ದಂಡಯಾತ್ರೆಯಿಲ್ಲದ ಅರಸೊತ್ತಿಗೆ ಇಷ್ಟು ಕಂಚನ್ನು ಯಾಕೆ ನೆಲಕ್ಕಿಳಿಸಿತು ಎಂಬುದು ನೊಣದ ರೆಕ್ಕೆಗಿಂತ ದೊಡ್ಡ ವಿಸ್ಮಯ.

ನೈಜೀರಿಯಾದ ಬೆನಿನ್ ಅರಸೊತ್ತಿಗೆಗೆ ಬಂದಾಗ ಈ ಅಳತೆಗೋಲು ನಿಜವಾದ ಹಾನಿ ಮಾಡಿದೆ. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಪಡೆ ನಗರವನ್ನು ಸುಟ್ಟು, ಅಲ್ಲಿನ ಅರಸ ಒಬಾ ಒವೊನ್‌ರಾಮ್‌ವೆನ್‌ನನ್ನು ಕಲಾಬಾರಿಗೆ ಗಡಿಪಾರು ಮಾಡಿ, ಸಾವಿರಾರು ವಸ್ತುಗಳನ್ನು ಹೊತ್ತೊಯ್ದಿತು. ಯುರೋಪಿನಲ್ಲಿ ಅವನ್ನು ಜೋಡಿಸಿ ಒಂದು ಕಾಲಾನುಕ್ರಮ ಕಟ್ಟಿದರು. ಮೊದಲಿನವು ತೆಳು, ಸಹಜ, ಇಫೆಗೆ ಹತ್ತಿರ, ಆದ್ದರಿಂದ ಶ್ರೇಷ್ಠ. ನಂತರದವು ದಪ್ಪ, ಬಿಗಿ, ಒರಟು, ಆದ್ದರಿಂದ ಅವನತಿ. ಶಾಲೆಯ ಹುಡುಗರೂ ಬಾಯಿಪಾಠ ಮಾಡುವ ಕಥೆ. ತಲೆಗಳು ನಿಂತಿದ್ದ ಜಾಗ ನೆನಪಿಟ್ಟುಕೊಂಡು ಮತ್ತೆ ನೋಡಿ. ಹೊಸ ಒಬಾ ಪಟ್ಟಕ್ಕೆ ಬಂದಾಗ ತಂದೆಯ ಹೆಸರಲ್ಲಿ ಪೀಠ ಕಟ್ಟಿಸಿ ಹಿತ್ತಾಳೆ ತಲೆ ಎರಕ ಹೊಯ್ಯಿಸಬೇಕು. ತಲೆಯ ನೆತ್ತಿಯಲ್ಲಿ ತೂತು. ಕೆತ್ತನೆಯ ಆನೆದಂತ ಅದರಲ್ಲಿ ನಿಲ್ಲಬೇಕು. ಪಕ್ಕದಲ್ಲಿ ಗಂಟೆಗಳು, ಸದ್ದು ಮಾಡಿ ಪೂರ್ವಜರನ್ನು ಕರೆಯುವ ಕೋಲುಗಳು. ದೊಡ್ಡ ದಂತ ಹೊರಲು ತಲೆ ದಪ್ಪವಾಗಬೇಡವೇ? ಯುರೋಪಿನ ವ್ಯಾಪಾರಿಗಳು ಮನಿಲ್ಲಾ ಎಂಬ ಕಡಗಗಳ ರೂಪದಲ್ಲಿ ಹಿತ್ತಾಳೆ ಸುರಿಯತೊಡಗಿದ ಮೇಲೆ ಲೋಹಕ್ಕೆ ಬರವಿರಲಿಲ್ಲ. ಹವಳದ ಕಂಠಿ ತಲೆಮಾರಿನಿಂದ ತಲೆಮಾರಿಗೆ ಮೇಲೇರಿ ಗದ್ದ ನುಂಗಿ ತುಟಿಯವರೆಗೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಿರೀಟಕ್ಕೆ ರೆಕ್ಕೆಗಳು ಮೂಡುತ್ತವೆ. ಮನುಷ್ಯನ ಮುಖ ಕುಗ್ಗುತ್ತ, ಅರಸೊತ್ತಿಗೆಯ ಹೊರೆ ಹಿಗ್ಗುತ್ತ ಹೋಗುತ್ತದೆ. ಕೈ ಮಂಕಾದದ್ದಕ್ಕೆ ಇದು ಪುರಾವೆಯಲ್ಲ. ಆ ಶತಮಾನಗಳಲ್ಲಿ ಒಬಾನ ಸುತ್ತ ಏನು ಬೆಳೆಯುತ್ತಿತ್ತು ಎಂಬುದರ ದಾಖಲೆ ಇದು, ಬರೆದವರು ಎರಕದ ಬೀದಿಯಾದ ಇಗುನ್‌ನ ಕುಲದವರು. ಅವನತಿ ಎಂಬ ಮಾತು ಆ ದಾಖಲೆಯನ್ನು ಓದದೆಯೇ ಮುಚ್ಚಿಬಿಟ್ಟಿತು.

ಎದುರಾಳಿಯ ಬಳಿ ಎರಡು ಗಟ್ಟಿ ವಾದಗಳಿವೆ. ಮೊದಲನೆಯದು: ಜನಾಂಗದ ಹೆಸರಲ್ಲಿ ತುಳಿದವರ ಎದುರು ಅವರದೇ ಅಳತೆಗೋಲಿನಿಂದ ಗೆದ್ದು ತೋರಿಸಿದ್ದರಲ್ಲಿ ತಪ್ಪೇನು? ಬರ್ಲಿನ್ನಿನ ಫೆಲಿಕ್ಸ್ ಫಾನ್ ಲೂಶಾನ್ ಬೆನಿನ್ ಎರಕವನ್ನು ಇಟಲಿಯ ಶಿಲ್ಪಿ ಚೆಲ್ಲೀನಿಯ ಕೆಲಸಕ್ಕೆ ಸಮ ಎಂದದ್ದು ಆ ಕಾಲಕ್ಕೆ ದಿಟ್ಟತನವೇ. ನೈಜೀರಿಯಾದ ರಾಷ್ಟ್ರೀಯವಾದಿಗಳೂ ಇಂಥ ಮಾತಿನಿಂದ ಬಲ ಪಡೆದರು. ಒಪ್ಪಿದೆ. ಆದರೆ ಲೂಶಾನ್ ಮಾತಾಡಿದ್ದು ಎರಕದ ತಾಂತ್ರಿಕ ಕೌಶಲದ ಬಗ್ಗೆ. ನಂತರದವರು ಅದನ್ನು ರೂಪದ ಪ್ರಮಾಣಪತ್ರ ಮಾಡಿದರು. ಆ ಪ್ರಮಾಣಪತ್ರ ಒಂದು ಇಫೆ ತಲೆಗೆ ಸಿಕ್ಕಾಗ ನೂರು ಶಂಕು ತಲೆಗಳಿಗೆ, ಇಡೀ ಖಂಡದ ಮರದ ಕೆತ್ತನೆಗೆ ತಪ್ಪಿಹೋಗುತ್ತದೆ.

ಎರಡನೆಯ ವಾದ ನನ್ನನ್ನೇ ಚುಚ್ಚುತ್ತದೆ. ತಿಳಿಯದ್ದಕ್ಕೆಲ್ಲ ಆಚರಣೆ ಎಂಬ ಚೀಟಿ ಅಂಟಿಸುವುದು ಪುರಾತತ್ವದವರ ಹಳೆಯ ಸೋಮಾರಿತನ, ನೀನೂ ಅದನ್ನೇ ಮಾಡುತ್ತಿಲ್ಲವೇ? ಮಾಡುವವರಿದ್ದಾರೆ. ಆಫ್ರಿಕಾ ಎಂದ ಕೂಡಲೇ ಮಂತ್ರ, ಡೋಲು, ಕತ್ತಲೆ ಎಂದು ಬರೆಯುವುದು ಗ್ರೀಕ್ ಹೋಲಿಕೆಗಿಂತ ಕೆಟ್ಟದ್ದು. ಆದರೆ ಮೊಳೆಯ ತೂತು, ಕಣ್ಣಿನ ಕೆಳಗಿನ ಸೀಳು, ಶುಕ್ರವಾರದ ಮರಳು, ದಂತ ಹೊರುವ ನೆತ್ತಿ ಇವು ವಸ್ತುವಿನ ಮೈಮೇಲಿರುವ, ಕೈಯಿಟ್ಟು ಮುಟ್ಟಬಹುದಾದ ಗುರುತುಗಳು. ಇಫೆಯಲ್ಲೇ ಬಾಯಿಗೆ ಹಗ್ಗ ಬಿಗಿದ ತಲೆಗಳೂ ಇವೆ. ಬಲಿಯಾಗುವವನು ಶಾಪ ಹಾಕದಂತೆ ಬಾಯಿ ಕಟ್ಟುತ್ತಿದ್ದರು ಎಂಬುದು ಸಾಮಾನ್ಯ ವಿವರಣೆ. ರೋಗದಿಂದ ಊದಿದ ಮೈಗಳೂ ಇವೆ. ಗ್ರೀಕರಷ್ಟೇ ಚೆನ್ನ ಎನ್ನುವ ಪುಸ್ತಕಗಳ ಹೊದಿಕೆಯ ಮೇಲೆ ಇವು ಬರುವುದಿಲ್ಲ. ಆಚರಣೆಯನ್ನು ಗಂಭೀರವಾಗಿ ತೆಗೆದುಕೊಂಡವನು ಅರಸೊತ್ತಿಗೆಯ ಕ್ರೌರ್ಯವನ್ನೂ ತೆಗೆದುಕೊಳ್ಳಬೇಕು; ಚೆಲುವಿನ ಮಾತು ಅದರಿಂದ ತಪ್ಪಿಸಿಕೊಳ್ಳಲು ಅನುಕೂಲ.

ಈ ರುಚಿ ಪೇಟೆಗೂ ಇಳಿದಿದೆ. ಚೆಂದದ ಮುಖಕ್ಕೆ ದುಡ್ಡು, ಅದು ಕೂತಿದ್ದ ನೆಲಕ್ಕೆ ಕಾಸಿಲ್ಲ. ಮಾಲಿಯ ಜೆನ್ನೆ ಸುತ್ತಮುತ್ತಲ ಸುಡುಮಣ್ಣಿನ ಮೂರ್ತಿಗಳನ್ನು ಎಷ್ಟು ದೋಚಿದರೆಂದರೆ 1993ರಲ್ಲಿ ಅಮೆರಿಕ ಅವುಗಳ ಆಮದನ್ನೇ ತುರ್ತಾಗಿ ನಿರ್ಬಂಧಿಸಿತು. ನೈಜೀರಿಯಾದ ನೊಕ್ ಮೂರ್ತಿಗಳ ಗತಿಯೂ ಅದೇ. ಫ್ರಾನ್ಸ್ ಸರ್ಕಾರವೇ ಪ್ಯಾರಿಸ್ಸಿನ ಹೊಸ ಮ್ಯೂಸಿಯಂಗೆ ಅಂಥವನ್ನು ಕೊಂಡು, 2002ರಲ್ಲಿ ಒಡೆತನ ನೈಜೀರಿಯಾದ್ದೆಂದು ಒಪ್ಪಿಕೊಳ್ಳಬೇಕಾಯಿತು. ನೊಕ್‌ನ ಮೊದಲ ಹೆಸರುವಾಸಿ ತಲೆಗಳಲ್ಲೊಂದು 1943ರಲ್ಲಿ ಬರ್ನಾರ್ಡ್ ಫ್ಯಾಗ್ ಕೈಗೆ ಬರುವ ಮುನ್ನ ಗೆಡ್ಡೆಯ ಹೊಲದಲ್ಲಿ ಬೆರ್ಚಪ್ಪನಾಗಿ ನಿಂತಿತ್ತು. ಇದನ್ನು ನಗೆಹನಿಯಂತೆ ಹೇಳುತ್ತಾರೆ. ಬೆರ್ಚಪ್ಪನಿಗಾದರೂ ಒಂದು ಉದ್ಯೋಗವಿತ್ತು.

ಈಗ ಬೆನಿನ್ ವಸ್ತುಗಳು ಮರಳುತ್ತಿವೆ. 2022ರಲ್ಲಿ ಜರ್ಮನಿ ಸಾವಿರಕ್ಕೂ ಹೆಚ್ಚು ವಸ್ತುಗಳ ಒಡೆತನ ಬಿಟ್ಟುಕೊಟ್ಟಿತು, 2023ರಲ್ಲಿ ನೈಜೀರಿಯಾದ ಅಧ್ಯಕ್ಷರು ಅವು ಒಬಾಗೆ ಸೇರಿದವು ಎಂದು ಘೋಷಿಸಿದರು. ಕೂಡಲೇ ಯುರೋಪಿನಲ್ಲಿ ಗುಲ್ಲೆದ್ದಿತು: ಅರಮನೆಯೊಳಗೆ ಹೋದರೆ ಯಾರು ನೋಡುತ್ತಾರೆ? ಬ್ರಿಟಿಷ್ ಮ್ಯೂಸಿಯಂನಲ್ಲಿರುವ 900ಕ್ಕೂ ಹೆಚ್ಚು ಬೆನಿನ್ ವಸ್ತುಗಳ ಪೈಕಿ ಹೆಚ್ಚಿನವು ಉಗ್ರಾಣದಲ್ಲಿವೆ, ಅವನ್ನು ಯಾರು ನೋಡುತ್ತಿದ್ದಾರೋ ತಿಳಿಯದು. ಒಬಾನ ಒಡೆತನವನ್ನು ಪ್ರಶ್ನಿಸಲು ಬೇರೆ ಕಾರಣಗಳು ಇರಬಹುದು, ನೈಜೀರಿಯಾದವರೇ ಅದರ ಬಗ್ಗೆ ಕಿತ್ತಾಡುತ್ತಿದ್ದಾರೆ, ಕಿತ್ತಾಡಲಿ. ತಲೆಗಳು ಪೀಠಕ್ಕೆ ಮರಳಿದರೆ ಕಲೆಗೆ ನಷ್ಟ ಎಂಬ ಕಾರಣ ಮಾತ್ರ ನಿಲ್ಲುವುದಿಲ್ಲ. ಮರಳಿಸದೆ ಇಟ್ಟುಕೊಂಡವರಿಂದ ಸದ್ಯಕ್ಕೆ ಕೇಳುವುದು ಸಣ್ಣ ಸಂಗತಿ: ಒಬಲಾರನ ಕೊಡದ ಚಿತ್ರವನ್ನು ಇಫೆ ತಲೆಯ ಪಕ್ಕ ಹಾಕಿ, ಬೆನಿನ್ ತಲೆಯ ನೆತ್ತಿಯಲ್ಲಿ ದಂತ ನಿಲ್ಲಿಸಿ ತೋರಿಸಿ, ಗೋಡೆಯ ಬರಹದಿಂದ ಡೊನಾಟೆಲೋನನ್ನು ಅವನ ಊರಿಗೆ ಕಳಿಸಿ.